ಅಟ್ಟಕ್ಕೇರಿದ ಗಿಟಾರು

ಹೆಬ್ಬಾಳದಲ್ಲಿ ನಾವಿದ್ದ ಮನೆಯ ಹಿತ್ತಲಿನಲ್ಲಿ ಒಂದು ಬಿಡಿ ಕೋಣೆಯಿತ್ತು. ಕೃಷಿ ಕಾಲೇಜಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಅರವತ್ತರ ದಶಕದಲ್ಲಿ ಅದನ್ನು ಕೀನ್ಯಾದಿಂದ ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಓದಲು ಬಂದಿದ್ದ ಹುಡುಗನೊಬ್ಬನಿಗೆ ಕೊಟ್ಟರು. ಊಟವೂ ನಮ್ಮಲ್ಲೇ. ಮೊದಲ ದಿನ ಅಮ್ಮ ಅಳುಕುತ್ತಲೇ ಮುದ್ದೆ ಬಡಿಸಿದರೆ, ಅವನು ಹುಟ್ಟಿನಿಂದ ರೂಢಿಯಾದವನಂತೆ ಬೆರಳಲ್ಲಿ ಮುರಿದು ಸಾರಿಗೆ ಅದ್ದಿದ. ಆದರೆ ಅಗಿದ.

"ಅಗೀಬಾರ್ದು ಕಣಪ್ಪಾ, ನುಂಗ್ಬೇಕು," ಎಂದು ಅಮ್ಮ ದಿನಾ ನಗುತ್ತಿದ್ದರು.

"ನಮ್ಮೂರ ಮುದ್ದೇನ ಅಗೀತಾರೆ, ಅಮ್ಮಾ." ಆರು ತಿಂಗಳಾಗುವಷ್ಟರಲ್ಲಿ ಹೀಗೆ ಉತ್ತರ ಕೊಡುವಷ್ಟು ಕನ್ನಡ ಬಂದಿತ್ತು; ಮುದ್ದೆಯನ್ನು ಮಾತ್ರ ಅಗಿಯುತ್ತಲೇ ಇದ್ದ.

ಸಂಜೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಗಿಟಾರು ನುಡಿಸುತ್ತಿದ್ದ. ಊರಿನಲ್ಲಿ ಅವನ ಅಣ್ಣನೂ ನುಡಿಸುವವನು. ತಾತಂದಿರು ಹಳೆಯ ತಂತಿವಾದ್ಯದಲ್ಲಿ ಮೀಟುತ್ತಿದ್ದ ಮಟ್ಟುಗಳನ್ನು ಇಬ್ಬರೂ ಸೇರಿ ಗಿಟಾರಿಗೆ ಇಳಿಸಿದ್ದರಂತೆ. ಅಲ್ಲಿನ ಹುಡುಗರಿಗೆಲ್ಲ ಆಗ ಅದೇ ಹುಚ್ಚು. ಇವನ ಓದು ಮುಗಿದ ಮೇಲೆ ನೈರೋಬಿಗೆ ಹೋಗಿ ಇಬ್ಬರೂ ತಮ್ಮ ಮೊದಲ ರೆಕಾರ್ಡು ಮಾಡುವುದೆಂದು ಮಾತಾಗಿತ್ತು.

"ಓದೋಕ್ ಬಂದಿದ್ದೀಯೋ, ಬಾರಿಸೋಕ್ ಬಂದಿದ್ದೀಯೋ?" ಎಂದು ಅಪ್ಪ ಕೆಣಕುತ್ತಿದ್ದರು.

"ಓದೋದು ಸರ್ಕಾರಕ್ಕೆ ಸಾರ್, ಬಾರಿಸೋದು ಅಣ್ಣನಿಗೆ."

ಒಂದು ಮಧ್ಯಾಹ್ನ ಅವನೂರಿನವನೇ ಆದ ಗೆಳೆಯನೊಬ್ಬ ಹಾಸ್ಟೆಲಿನಿಂದ ಸೈಕಲ್ ತುಳಿದುಕೊಂಡು ಬಂದ. ಬಸ್ಸು ಉರುಳಿ ಅಣ್ಣ ಸತ್ತಿದ್ದ. ಅಷ್ಟು ದೂರ ಮಣ್ಣಿಗೆ ಹೋಗುವುದಂತೂ ಸಾಧ್ಯವೇ ಇರಲಿಲ್ಲ.

ಅಮ್ಮ ತಮಗೆ ಗೊತ್ತಿದ್ದುದನ್ನು ಮಾಡಿದರು. ಅವನನ್ನು ಹಿತ್ತಲಲ್ಲಿ ಕೂರಿಸಿ ತಲೆಯ ಮೇಲೆ ತಣ್ಣೀರು ಸುರಿದರು. ಅವತ್ತಿನಿಂದ ಸಾರಿಗೆ ಒಗ್ಗರಣೆ ಹಾಕಲಿಲ್ಲ, ರೇಡಿಯೋ ತಿರುಗಿಸಲಿಲ್ಲ. ಸಾವಿನ ಮನೆಯಲ್ಲಿ ವಾದ್ಯದ ಸದ್ದು ಕೇಳಿಸಬಾರದೆಂದು, ಗಿಟಾರನ್ನು ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಅವನು ಬಾಗಿಲಲ್ಲಿ ನಿಂತು ನೋಡಿದ.

"ಅವನಣ್ಣ ಸತ್ರೆ ನಿಮಗ್ಯಾಕ್ರೀ ಸೂತಕ?" ಎಂದು ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೇಳಿದರು.

"ದಿನಾ ನನ್ ಕೈಯಿಂದ ತಿನ್ನೋ ಹುಡುಗ ಕಣ್ರೀ. ಇಲ್ಲಿ ಅವನಿಗೆ ಇನ್ಯಾರು ಮಾಡ್ತಾರೆ?"

ಅವನು ಊಟ ಬಿಟ್ಟ. ಕಾಲೇಜಿಗೂ ಹೋಗದೆ ಕಲ್ಲಿನ ಮೇಲೆ ಕೂತಿರುತ್ತಿದ್ದ. ಎಡಗೈ ಬೆರಳುಗಳು ಮಾತ್ರ ಮೊಣಕಾಲಿನ ಮೇಲೆ ಒತ್ತುತ್ತಲೇ ಇರುತ್ತಿದ್ದವು. ಒಮ್ಮೊಮ್ಮೆ ಯಾರೋ ಕರೆದಂತೆ ಹಿತ್ತಲಾಚೆಯ ಕೆರೆಯ ಕಡೆ ತಿರುಗುತ್ತಿದ್ದ. ಆ ಕಡೆ ನೋಡಿದರೆ ಯಾರೂ ಇರುತ್ತಿರಲಿಲ್ಲ. ನಾನು ನೀರು ಸೇದಲು ಹೋಗುವಾಗಲೂ ಅತ್ತ ತಿರುಗದಿರುವುದನ್ನು ಅಭ್ಯಾಸ ಮಾಡಿಕೊಂಡೆ.

ವಾರ ಕಳೆದ ಮೇಲೆ ಆ ಗೆಳೆಯ ಮತ್ತೆ ಬಂದು ಅಪ್ಪನೊಡನೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಅಪ್ಪ ಒಳಗೆ ಬಂದು ಮೆಲ್ಲಗೆ ಹೇಳಿದರು: "ಅವರ ಕಡೆ ಸತ್ತೋರನ್ನ ಹಾಡಿ ಕಳಿಸ್ತಾರಂತೆ ಕಣೇ. ಜೊತೇಲಿ ನುಡಿಸಿದೋನೇ ನುಡಿಸ್ಬೇಕಂತೆ. ಇಲ್ದಿದ್ರೆ ತಾನು ಸತ್ತಿರೋದು ಸತ್ತೋನಿಗೇ ಗೊತ್ತಾಗಲ್ವಂತೆ. ಜೊತೆಗಾರನ್ನ ಹುಡುಕ್ಕೊಂಡು ಬರ್ತಾನಂತೆ."

ಅಮ್ಮನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಹೊರಗೆ ಬಂದು, "ಬಾಯ್ ಬಿಟ್ ಹೇಳ್ಬಾರ್ದಿತ್ತೇನೋ ಮಗಾ?" ಎಂದರು.

"ನಿಮ್ಮನೆ ಪದ್ಧತಿ, ಅಮ್ಮಾ. ನನಗೋಸ್ಕರ ಮಾಡಿದ್ರಿ."

ಅಮ್ಮ ಸ್ಟೂಲು ಹಾಕಿಕೊಂಡು ತಾವೇ ಅಟ್ಟ ಹತ್ತಿದರು. ಪಂಚೆ ಬಿಚ್ಚಿ, ಗಿಟಾರನ್ನು ಸೆರಗಿನಿಂದ ಒರೆಸಿ, ಅವನ ತೊಡೆಯ ಮೇಲಿಟ್ಟರು.

ಅವನು ಶ್ರುತಿ ಮಾಡಿ ಶುರುಮಾಡಿದ. ಒಂದು ಸಾಲು ಮೀಟುವನು, ನಿಲ್ಲಿಸುವನು, ಕಾಯುವನು, ಮತ್ತೆ ಮುಂದಿನ ಸಾಲು. ಮರೆತಿದ್ದಾನೇನೋ ಎಂದುಕೊಂಡೆ. ಗೆಳೆಯ ಅಪ್ಪನ ಕಿವಿಯಲ್ಲಿ ಹೇಳಿದ್ದನ್ನು ಅಪ್ಪ ನಮಗೆ ಹೇಳಿದರು: ನಡುವಿನ ಮೌನ ಅಣ್ಣನ ಪಾಲಂತೆ. ಆ ಪಾಲನ್ನೂ ಇವನೇ ನುಡಿಸಿ ಮುಗಿಸಿದರೆ ಕಳಿಸಿಕೊಟ್ಟಂತೆ.

ನಾವೆಲ್ಲ ಕಾದೆವು. ಕೆರೆಯ ಮೇಲೆ ಬೆಳಕು ಇಳಿಯಿತು. ಪ್ರತಿ ಮೌನದಲ್ಲೂ ಅವನು ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದ. ಅದರ ಕೊನೆಗೆ ಮುಖ ಸಡಿಲವಾಗುತ್ತಿತ್ತು, ತೃಪ್ತಿಯಾದವನಂತೆ.

"ಅವನದ್ದೂ ನುಡಿಸ್ಬಿಡಪ್ಪಾ," ಎಂದರು ಅಮ್ಮ ಕೊನೆಗೆ.

"ಯಾಕಮ್ಮಾ? ಅವನೇ ನುಡಿಸ್ತಿದ್ದಾನಲ್ಲ."

ಗೆಳೆಯ ಮುಖ ತಿರುಗಿಸಿಕೊಂಡ.

ಆಮೇಲೆ ಅವನು ಚೆನ್ನಾಗಿ ಉಂಡ, ಕಾಲೇಜಿಗೆ ಹೋದ, ಪಾಸಾಗಿ ಊರಿಗೆ ಮರಳಿದ. ಇಲ್ಲಿದ್ದಷ್ಟು ದಿನ ಸಂಜೆಯೆಲ್ಲ ಹಾಗೆಯೇ ನುಡಿಸಿದ, ಮೌನ ಬಿಟ್ಟು ಬಿಟ್ಟು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಮ್ಮ, ಅವನು ನಿಲ್ಲಿಸಿದಾಗಲೆಲ್ಲ ತಾವೂ ಕೈ ನಿಲ್ಲಿಸುತ್ತಿದ್ದರು, ಸದ್ದಾಗದಂತೆ.