ಬದುವಿನ ಮೇಲೆ ಎದ್ದು ನಿಂತ ಕಾಯಿ

ತಾಂಬಾದ ಆ ಹೊಲದಲ್ಲಿ ಅಂದು ಇದ್ದವರು ನಾಲ್ಕೇ ಜನ: ನನ್ನ ತಂಗಿಯ ಮಕ್ಕಳಾದ ಮಲ್ಲಪ್ಪ, ಈರಣ್ಣ, ಹೂವಿನ ಹಿಪ್ಪರಗಿಯಿಂದ ಬಂದಿದ್ದ ನೀರು ನೋಡುವ ಸಿದ್ದಪ್ಪ, ಸೋದರಮಾವನೆಂದು ಪಾಲಿನ ಮಾತಿಗೆ ಕರೆಸಿಕೊಂಡಿದ್ದ ನಾನು. ಬೇವಿನ ಕವಲು ಹಿಡಿದೋ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡೋ ನೆಲದೊಳಗಿನ ನೀರು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಕೈ ಅವರದು, ಕಾಯಿ ಏಳದೆ ಏನು ಮಾಡೀತು ಎನ್ನುತ್ತಿದ್ದೆ.

ನಮ್ಮಲ್ಲಿ ಅಣ್ಣ ಪಾಲು ಮಾಡಿದರೆ ತಮ್ಮ ಮೊದಲು ಆರಿಸಬೇಕು. ಮಲ್ಲಪ್ಪ ನಡುವೆ ಬದು ಹಾಕಿ ಹೊಲವನ್ನು ಎರಡು ಮಾಡಿದ್ದ. ನೀರು ಯಾವ ಕಡೆಗಿದೆ ಎಂದು ತಿಳಿಯದೆ ಆರಿಸಲು ಈರಣ್ಣ ಒಪ್ಪದೆ ಸಿದ್ದಪ್ಪನನ್ನು ಕರೆತಂದ. ಮಲ್ಲಪ್ಪನಿಗೆ ಅಲ್ಲೇ ಅನುಮಾನ.

"ಮಾಮಾ, ಈ ಮುದುಕಗ ನಿನ್ನೆ ಊಟ ಯಾರ ಮನ್ಯಾಗ ಆತು, ಅದನ್ನ ಕೇಳ್ರಿ ಮೊದಲ."

"ನಿನ್ನ ಮನ್ಯಾಗಂತೂ ಅಲ್ಲ ಬಿಡಣ್ಣಾ. ಅಲ್ಲಿ ಉಂಡಿದ್ರ ಇಷ್ಟು ನಡ್ಯಾಕ ಆಗತಿತ್ತೇನು?" ಎಂದ ಈರಣ್ಣ.

ಸಿದ್ದಪ್ಪ ಎರಡೂ ಪಾಲು ತಿರುಗಿದ. ಕಾಯಿ ಮಲಗಿಯೇ ಇತ್ತು. ಬದುವಿನ ಮೇಲೆ ಬಂದಾಗ ಮಾತ್ರ ಎದ್ದು ನಿಂತಿತು. ಇಬ್ಬರನ್ನೂ ಮೆಚ್ಚಿಸುವ ಜಾಣ ಎಂದುಕೊಂಡೆ. ನನ್ನ ಟವೆಲ್ಲಿನಿಂದ ಅವನ ಕಣ್ಣು ಕಟ್ಟಿ, ಗಿರಗಿರನೆ ತಿರುಗಿಸಿ ಮತ್ತೆ ನಡೆಸಿದೆ. ಮತ್ತೆ ಅಲ್ಲೇ ಎದ್ದಿತು.

"ಕಾಲಿಗೆ ಬದು ಹತ್ತತೈತಿ, ಇದೇನ್ ದೊಡ್ಡ ಮಾತು!" ಎಂದೆ.

"ಹಂಗಾದ್ರ ನೀವ ಹಿಡೀರಿ ಯಜಮಾನ್ರ. ನಿಮ್ಮ ಕೈ ನನ್ನ ಮಾತು ಕೇಳಂಗಿಲ್ಲಲ್ಲ?"

ಹಿಡಿದೆ. ಬದು ಹತ್ತಿದೊಡನೆ ಅಂಗೈಯೊಳಗೆ ಕಾಯಿ ಅಲುಗಿತು. ನಿದ್ದೆಯಿಂದ ಎದ್ದ ಕೂಸಿನ ಹಾಗೆ ನಿಧಾನಕ್ಕೆ ಹೊರಳಿ, ಜುಟ್ಟು ಮೇಲಾಗಿ ನಿಂತಿತು. ಎಡಗೈಯಿಂದ ಒತ್ತಿ ಮಲಗಿಸಿದೆ. ಮತ್ತೆ ಎದ್ದಿತು. ಸಿದ್ದಪ್ಪ ಅಷ್ಟು ದೂರದಲ್ಲಿ ಬೆನ್ನು ತಿರುಗಿಸಿ ಬೀಡಿ ಹಚ್ಚುತ್ತಿದ್ದ.

ಅಣ್ಣತಮ್ಮಂದಿರು ಕೂಡಿಯೇ ಬದುವಿನ ಮೇಲೆ ಬೋರ್ ಹಾಕಿಸಿದರು. ಸಂಜೆಯವರೆಗೂ ಬಂದದ್ದು ಬರೀ ಧೂಳು. ನೀರು ಬಂದಿದ್ದರೆ ಕಾಕತಾಳೀಯ ಎಂದು ಸುಮ್ಮನಿರುತ್ತಿದ್ದೆ. ಕೆಳಗೆ ನೀರೇ ಇಲ್ಲದ ಮೇಲೆ ಕಾಯಿಯನ್ನು ಎಬ್ಬಿಸಿದ್ದು ಏನು? ಇಬ್ಬರಿಗೂ ಸಿಗಲಿ ಎಂಬ ನನ್ನ ಆಸೆಯೇ ನನಗೆ ತಿಳಿಯದಂತೆ ಕೈಗೆ ಇಳಿದಿತ್ತೇ? ಸಿದ್ದಪ್ಪನ ಮೇಲಿದ್ದ ಸಂಶಯ ಅಂದಿನಿಂದ ನನ್ನ ಮೇಲೆ ತಿರುಗಿದೆ. ಉತ್ತರ ಇಂದಿಗೂ ಸಿಕ್ಕಿಲ್ಲ.

ಈರಣ್ಣ ಆಮೇಲೆ ಯಾರನ್ನೂ ಕೇಳದೆ ಮೂಡಲ ಪಾಲು ಆರಿಸಿಕೊಂಡ. ಮರುವರ್ಷ ಅಲ್ಲಿ ಬೋರ್ ಹಾಕಿಸಿದಾಗ ನೀರು ಚಿಮ್ಮಿತು. ಮಲ್ಲಪ್ಪ ನೋಡಲೂ ಹೋಗಲಿಲ್ಲ. ಸಂಜೆ ಈರಣ್ಣನೇ ಪೈಪು ಹೊತ್ತು ಅವನ ಹೊಲಕ್ಕೆ ಬಂದ.

"ಇದಕ್ಕ ಬದಲಿ ಏನ್ ಕೇಳಾಂವ ನೀ?" ಎಂದ ಮಲ್ಲಪ್ಪ.

"ಮೊದಲ ಆ ತುದಿ ಹಿಡಿ," ಎಂದ ಈರಣ್ಣ.