ಹಿಡಿ ಜೋಳಕ್ಕೊಂದು ಹೆಸರು

ಆಗ ನಮ್ಮ ಕೊಹಿನೂರಿನಲ್ಲಿ ಹಿಂಗಾರಿ ಜೋಳ ಹಾಲುಗಾಳಾಯಿತೆಂದರೆ ಮಕ್ಕಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಲದಲ್ಲಿ ಸೀತನಿಗೆಂದು ಎಳೆ ಜೋಳದ ತೆನೆ ಸುಡುವ ಘಮ, ಬಾಯಲ್ಲಿ ಬೆಲ್ಲ-ಶೇಂಗಾ, ಮೈಯೆಲ್ಲ ತುರಿಕೆ. ರಾಶಿ ಮುಗಿದದ್ದೇ ಬಸವಕಲ್ಯಾಣದ ಚರ್ಚಿನಲ್ಲಿ ಸುಗ್ಗಿ ಹಬ್ಬ! ನೀವೂ ಅಂಥ ಹಬ್ಬಕ್ಕೆ ಕಾಣಿಕೆ ಜೋಳದ ಗಡಿಗೆ ಹೊತ್ತವರಾದರೆ ನನ್ನ ಸಂಭ್ರಮ ನಿಮಗೆ ಗೊತ್ತಿರುತ್ತದೆ.

ದಿನಾ ಅಡುಗೆಗೆ ಜೋಳ ತೆಗೆಯುವಾಗ ದೇವರಿಗೆಂದು ಒಂದು ಹಿಡಿ ಆ ಗಡಿಗೆಗೆ ಹಾಕಬೇಕು. ಹಾಕುವಾಗ ಯಾರಾದರೊಬ್ಬರ ಹೆಸರು ಹೇಳಿ ಅವರಿಗಾಗಿ ಪ್ರಾರ್ಥಿಸಬೇಕು. ಇದು ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ ಕಟ್ಟಳೆ. ನನಗೆ ಒಂಬತ್ತು ತುಂಬಿದ ವರ್ಷ ಆಯಿ ಗಡಿಗೆಯನ್ನು ನನ್ನ ಕೈಗಿಟ್ಟಳು.

"ಈ ಸಲ ನೀನೇ ತುಂಬು, ನೀನೇ ಹೊತ್ಕೊಂಡ್ ನಡಿ."

ಊರಿಗೆಲ್ಲ ಡಂಗುರ ಸಾರಿಬಂದೆ. ನಾಲ್ಕು ದಿನ ಶ್ರದ್ಧೆಯಿಂದ ಹಾಕಿದ್ದಷ್ಟೇ. ಐದನೆಯ ದಿನ ಕುಂಟಾಟ, ಆರನೆಯ ದಿನ ಸೀತನಿ, ಆಮೇಲೆ ಗಡಿಗೆಯ ನೆನಪೇ ಇಲ್ಲ. ಹಬ್ಬಕ್ಕೆ ಹನ್ನೆರಡು ದಿನ ಉಳಿದಾಗ ನೋಡುತ್ತೇನೆ, ಗಡಿಗೆಯ ತಳ ಕಾಣುತ್ತಿದೆ! ಯಾರೂ ಇಲ್ಲದ ಹೊತ್ತಿನಲ್ಲಿ ಚೀಲದ ಜೋಳವನ್ನೇ ಬಗ್ಗಿಸಿ ಕಂಠಮಟ್ಟ ತುಂಬಿಸಿದೆ.

ಆಯಿ ಗಡಿಗೆ ಎತ್ತಿ ನೋಡಿ ನಕ್ಕಳು. "ಭಾಳ ಹೆಸರ ಆದವಲ್ಲ! ಯಾರ್ಯಾರ್ದು ಹೇಳಿದಿ?"

"ಅವ್ವಂದು, ಅಪ್ಪಂದು, ನಮ್ಮ ಎಮ್ಮೀದು..."

"ಕಮಲೀದು?"

ಕಮಲಿ ಪಕ್ಕದ ಮನೆಯ ಹುಡುಗಿ. ಕುಂಟಾಟದಲ್ಲಿ ಸೋತ ಸಿಟ್ಟಿಗೆ ನಾನು ಅವಳ ಬಿಲ್ಲೆಕಲ್ಲನ್ನು ಬಾವಿಗೆ ಎಸೆದಿದ್ದೆ. ಅಂದಿನಿಂದ ನಮ್ಮಿಬ್ಬರಲ್ಲಿ ಮಾತಿರಲಿಲ್ಲ.

"ಆಕಿ ಹೆಸರ ನಾ ಹೇಳಂಗಿಲ್ಲ."

"ಹಂಗಂದ್ರ ಗಡಿಗಿ ನಾನೇ ಹೊರ್ತೀನಿ ಬಿಡು. ಚೀಲ ಇಳದದ್ದು ನನಗ ಕಾಣಂಗಿಲ್ಲೇನು? ಚೀಲದಾಗಿನ ಜೋಳ ನಿಮ್ಮಪ್ಪ ದುಡದಿದ್ದು. ಅದರಾಗ ನಿಂದೇನೈತಿ? ಇನ್ನಾ ಹನ್ನೆರಡ ದಿನ ಅದಾವ, ನೋಡು."

ಅಳುವೇ ಬಂತು. ಜೋಳವನ್ನೆಲ್ಲ ಚೀಲಕ್ಕೆ ಸುರಿದು ಮೊದಲಿನಿಂದ ಶುರು ಮಾಡಿದೆ. ಬೆಳಗಾದರೆ ಒಂದು ಹಿಡಿ, ಒಂದು ಹೆಸರು. ಕಮಲಿಯ ಹೆಸರು ಮಾತ್ರ ಗಂಟಲಲ್ಲೇ ನಿಲ್ಲುತ್ತಿತ್ತು. ಹನ್ನೊಂದನೆಯ ದಿನ ಹೇಗೋ ಹೇಳಿಬಿಟ್ಟೆ. ಹೇಳಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಹೊಲದ ಬದುವಿಗೆ ಓಡಿ, ಚಪ್ಪಟೆ ಕಲ್ಲೊಂದನ್ನು ಹುಡುಕಿ, ಬಂಡೆಗೆ ತಿಕ್ಕಿ ತಿಕ್ಕಿ ನುಣುಪು ಮಾಡಿ ಅವಳ ಮನೆಗೆ ಹೋದೆ.

"ತಪ್ಪಾತ್ ಕಮಲಿ."

ಅವಳು ಕಲ್ಲನ್ನು ತಿರುಗಿಸಿ ನೋಡಿದಳು. "ಮೊದಲಿಂದು ಇದಕಿಂತ ಚಲೋ ಇತ್ತು," ಎಂದಳು. ಆಮೇಲೆ, "ಬಾ, ಆಡೂಣು."

ಹಬ್ಬದ ದಿನ ಬಸ್ಸಿನ ತುಂಬ ಗಡಿಗೆ, ಬುಟ್ಟಿ, ಕಬ್ಬು, ಕೂಗುವ ಕೋಳಿ! ಎಲ್ಲರ ಗಡಿಗೆಯೂ ತುಂಬಿ ತುಳುಕುತ್ತಿತ್ತು, ನನ್ನದರಲ್ಲಿ ಹನ್ನೆರಡೇ ಹಿಡಿ. ಚರ್ಚಿನಲ್ಲಿ ತಲೆಯ ಮೇಲೆ ಹೊತ್ತು ನಡೆದರೆ ಕಾಳು ಗಲಗಲ ಅಂದವು. ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ನನಗೇನಂತೆ! ಹನ್ನೆರಡು ಹೆಸರನ್ನೂ ಬಾಯಲ್ಲೇ ಹೇಳಿಕೊಳ್ಳುತ್ತ ಹೋಗಿ ದೇವರ ಮುಂದೆ ಇಟ್ಟು ಬಂದೆ. ಅಷ್ಟು ಖುಷಿ ನನಗೆ ಮತ್ತೆ ಯಾವ ಹಬ್ಬದಲ್ಲೂ ಆಗಿಲ್ಲ.

ಈಗ ನಾನಿರುವುದು ಹುಮನಾಬಾದಿನಲ್ಲಿ. ರೊಟ್ಟಿ ಅಂಗಡಿಯಿಂದ ಬರುತ್ತದೆ, ಹಬ್ಬದ ಕಾಣಿಕೆ ಫೋನಿನಲ್ಲೇ ಹೋಗುತ್ತದೆ. ಪ್ರಾರ್ಥನೆ ಬೇಡುವವರ ಹೆಸರುಗಳು ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ದಿನಾ ಬರುತ್ತವೆ. ಕೈಮುಗಿದ ಚಿತ್ರ ಒತ್ತಿ ಮುಂದೆ ಹೋಗುತ್ತೇನೆ. ಮೊನ್ನೆ ಪೇಟೆಯಲ್ಲಿ ಒಬ್ಬ ಹೆಣ್ಣುಮಗಳು ತಡೆದು ನಿಲ್ಲಿಸಿ, "ಗುಂಪಿನ್ಯಾಗ ನೋಡೀನ್ರಿ, ನಾ ದವಾಖಾನ್ಯಾಗ ಇದ್ದಾಗ ದಿನಾ ಪ್ರಾರ್ಥನಾ ಮಾಡಿದ್ರಿ ಅಕ್ಕಾರ, ಭಾಳ ಉಪಕಾರ ಆತ್ರಿ," ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಹೆಸರೇನೆಂದು ನನಗೆ ಗೊತ್ತಿರಲಿಲ್ಲ.