ಸೋಬಾನೆಯ ನಡುವೆ ಒಂದು ಬಳೆ

ಆ ದಿನ ಅಮ್ಮ ಯಲ್ದೂರಿನ ಮನೆಯ ಜಗುಲಿಯಲ್ಲಿ ಈಳಿಗೆಮಣೆಯ ಮುಂದೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ನಾನು ಹೋಳು ಒರೆಸುತ್ತಿದ್ದೆ. ಪಕ್ಕದಲ್ಲಿ ಹಳೆಯ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಮರುದಿನ ಬೆಳಿಗ್ಗೆ ಅಮ್ಮ ಏಳಲಿಲ್ಲ.

ಕ್ಯಾಸೆಟ್ಟಿನಲ್ಲಿದ್ದದ್ದು ಅವಳೇ ಹಾಡಿದ ಸೋಬಾನೆ ಪದ. ನಾನು ಚಿಕ್ಕವಳಿದ್ದಾಗ ರೇಡಿಯೋದವರು ನಮ್ಮೂರಿನ ನಾಲ್ವರು ಹೆಂಗಸರನ್ನು ಬೆಂಗಳೂರಿಗೆ ಕರೆಸಿ ಹಾಡಿಸಿದ್ದರು. ಅದು ಪ್ರಸಾರವಾದ ದಿನ ಅಪ್ಪ ಯಾರದೋ ಟೇಪ್ ರೆಕಾರ್ಡರನ್ನು ರೇಡಿಯೋ ಮುಂದಿಟ್ಟು, ಕೆಮ್ಮಿದವರಿಗೆಲ್ಲ ಕಣ್ಣು ಬಿಟ್ಟು, ಹಿಡಿದಿಟ್ಟಿದ್ದ. ನಾಲ್ಕು ದನಿಯೂ ಒಂದೇ ಆಗಿ ಕೇಳುವುದು ಆ ಹಾಡಿನ ಚಂದ. ನನಗೆ ಅದೇ ಕಷ್ಟ. ಇಂಪಾಗಿ ಕೇಳಿದ್ದೆಲ್ಲ ನಮ್ಮಮ್ಮನದೇ ಎನ್ನುತ್ತಿದ್ದೆ. ಅಮ್ಮ ರೇಗಿಸುತ್ತಿದ್ದಳು:

"ಅದು ಮುನಿಯಮ್ಮ ಕಣೇ. ಹೆತ್ತವಳ ದನೀನೂ ಗೊತ್ತಾಗಲ್ವಲ್ಲೇ ನಿಂಗೆ!"

ನನಗಿದ್ದ ಗುರುತು ಬಳೆಯೊಂದೇ. ಸದ್ದಾಗುತ್ತದೆ, ಬಳೆ ತೆಗೆದಿಡಿ ಎಂದು ರೇಡಿಯೋದವರು ಹೇಳಿದರಂತೆ. ಉಳಿದ ಮೂವರು ಅಳುಕುತ್ತಲೇ ತೆಗೆದಿಟ್ಟರು. ಅಮ್ಮ ಮಾತ್ರ, "ಗಂಡ ಗುಂಡುಕಲ್ಲಂಗೆ ಇರೋವಾಗ ಬಳೆ ಬಿಚ್ಚೋದಾ ಸಾಮಿ? ನಿಮ್ ರೇಡಿಯೋನೇ ಬೇಡ, ನಾನು ಬಸ್ಸಿಗೆ ಹೋಗ್ತೀನಿ" ಎಂದಳು. ಕೊನೆಗೆ ಸೆರಗನ್ನು ಎರಡೂ ಕೈಗೆ ಬಿಗಿಯಾಗಿ ಸುತ್ತಿಕೊಂಡು ಹಾಡಿದಳು. ಆದರೂ ಮೂರನೆಯ ನುಡಿಯಲ್ಲಿ ಸಣ್ಣಗೆ ಒಮ್ಮೆ ಕಿಣಿ ಎಂದಿತು. ಅಲ್ಲಿಗೆ ಬಂದಾಗೆಲ್ಲ ಅಮ್ಮ ಮಾಡುವ ಕೆಲಸ ನಿಲ್ಲಿಸಿ, "ಅಗೋ, ಅದು ನಾನು" ಎನ್ನುವಳು. ಅಪ್ಪ ಹೋದ ಮೇಲೆ ಅವಳ ಕೈ ಬರಿದಾಯಿತು. ಬಳೆ ಉಳಿದದ್ದು ಕ್ಯಾಸೆಟ್ಟಿನಲ್ಲಿ ಮಾತ್ರ. ಕೊನೆಯ ದಿನವೂ ಈಳಿಗೆಯಿಂದ ಕೈ ತೆಗೆದು ಕೇಳಿದ್ದಳು.

ತಿಥಿಯೆಲ್ಲ ಮುಗಿದ ಮೇಲೆ, ಹಾಡು ಫೋನಿನಲ್ಲಿರಲಿ ಎಂದು ಕ್ಯಾಸೆಟ್ಟನ್ನು ಶ್ರೀನಿವಾಸಪುರದ ಒಂದು ಅಂಗಡಿಯ ಹುಡುಗನಿಗೆ ಕೊಟ್ಟೆ. ದೊಡ್ಡ ಜಾಣೆಯ ಹಾಗೆ ಹಾಡು ಚೆನ್ನಾಗಿ ಕೇಳಬೇಕೆಂದೂ ಹೇಳಿಬಂದೆ.

"ಅಕ್ಕಾ, ಟೇಪು ಒಂದೇ ಸಲ ಓಡಿ ತುಂಡುತುಂಡಾಯ್ತು, ಇನ್ನು ಕೂಡಿಸೋಕಾಗಲ್ಲ. ಹಾಡೇನೋ ಸಿಕ್ತು. ಗೊರಗೊರ ಎಲ್ಲಾ ತೆಗೆದಿದೀನಿ. ನಡುವೆ ಅದೇನೋ ಕಿಣಿ ಅಂತಿತ್ತು, ಅದೂ ಇಲ್ಲ ನೋಡಿ."

"ಮೊದಲಿಂದು ಇದೆಯೇನಪ್ಪಾ?"

"ಅಳಿಸಿಬಿಟ್ನಲ್ಲಕ್ಕಾ. ಬೇಕಿತ್ತಾ?"

ಅಷ್ಟು ಮನಸ್ಸಿಟ್ಟು ಮಾಡಿದವನನ್ನು ಏನೆಂದು ಬೈಯಲಿ, ನೀವೇ ಹೇಳಿ. ಪರವಾಗಿಲ್ಲ ಎಂದು ಬಂದೆ. ದನಿ ಗುರುತಿಸಿ ಹೇಳಲು ಅಮ್ಮನ ಜೊತೆ ಹಾಡಿದ ಆ ಮೂವರಲ್ಲಿ ಯಾರೂ ಈಗಿಲ್ಲ.

ಇವತ್ತು ಅವಳು ಹೆಚ್ಚಿದ ಕಾಯಿಯ ಜಾಡಿ ತೆರೆದೆ. ಘಾಟು ಮೂಗಿಗೆ ಬಡಿಯಿತು. ಫೋನಿನಲ್ಲಿ ಹಾಡು ಹಾಕಿದೆ. ಮೂರನೆಯ ನುಡಿಗೆ ನನ್ನ ಕೈ ತಾನಾಗಿ ನಿಂತಿತು. ನಾಲ್ವರೂ ತಿಳಿಯಾಗಿ ಹಾಡಿ ಮುಗಿಸಿದರು. ಬಳೆಯ ಸದ್ದು ಬರಲಿಲ್ಲ.